ಹಳಿ ಒಂದೇ, ಡಬ್ಬಿ ಬೇರೆ: ಮಾಡೆಲ್ ಉಗಿ ಎಂಜಿನ್‌ಗೆ ಡಬ್ಬಿ ಹೊಂದಿಸಲು ಹೋಗಿ ಕಲಿತದ್ದು

ನನ್ನ ಹತ್ತಿರ ಇರೋದು ಒಂದೇ ಎಂಜಿನ್. ಹಸಿರು ಬಣ್ಣದ ಫ್ಲೈಯಿಂಗ್ ಸ್ಕಾಟ್ಸ್‌ಮನ್, ಬ್ರಿಟನ್ನಿನ ಹೆಸರಾಂತ ಉಗಿ ಎಂಜಿನ್ನಿನ ಮಾಡೆಲ್, ಓಓ ಅಳತೆಯದು (ಓಓ ಅಂದರೇನು ಅಂತ ಮುಂದೆ ಹೇಳುತ್ತೇನೆ). ಲಂಡನ್‌ನಲ್ಲಿರುವ ಮಾವನ ಮಗ ರಜೆಗೆ ಹುಬ್ಬಳ್ಳಿಗೆ ಬಂದಾಗ ತಂದುಕೊಟ್ಟ. ಬರೀ ಎಂಜಿನ್, ಡಬ್ಬಿ ಇಲ್ಲ. ಹಿಂದೆ ಏನು ಕಟ್ಟಬೇಕು ಅನ್ನೋದು ತಿಳಿಯಲು ಎರಡು ತಿಂಗಳು ಹಿಡಿಯಿತು, ದುಡ್ಡೂ ಸ್ವಲ್ಪ ಹೋಯಿತು. ಈಗಷ್ಟೇ ತಲೆಗೆ ಹತ್ತಿದೆ, ಮರೆಯೋ ಮೊದಲು ಬರೆದಿಡುತ್ತಿದ್ದೇನೆ. ಹಳಿ ಜೋಡಿಸೋದು, ಕಂಟ್ರೋಲರ್‌ಗೆ ತಂತಿ ಕೊಡೋದು ನಿಮಗೆ ಗೊತ್ತೇ ಇರುತ್ತೆ, ಅದನ್ನು ಬಿಟ್ಟಿದ್ದೇನೆ.

ಬೋಗಿ ಅಂದರೆ ಡಬ್ಬಿ ಅಲ್ಲ

ನಾವು ಡಬ್ಬಿಗೇ ಬೋಗಿ ಅನ್ನುತ್ತೇವೆ. "ಎಸ್-4 ಬೋಗಿ ಎಲ್ಲಿ ಬರ್ತದ್ರೀ?" ಅಂತ ಸ್ಟೇಷನ್‌ನಲ್ಲಿ ಕೇಳುತ್ತೇವೆ. ಮಾಡೆಲ್ ಮಾರುವವರ ಪಟ್ಟಿಯಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗಿರುವ, ನಾಲ್ಕು ಚಕ್ರದ ಚೌಕಟ್ಟು ಮಾತ್ರ. "ಒಂದು ಜೊತೆ ಬೋಗಿ" ಅಂತ ಇತ್ತು, ಬೆಲೆ ಭಾರೀ ಕಡಿಮೆ. ಖುಷಿಯಿಂದ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೊಟ್ಟಣ ಬಂತು. ಒಳಗೆ ಎಂಟು ಚಕ್ರ. ಮಾರಿದವರ ತಪ್ಪೇನೂ ಇಲ್ಲ, ಅವರು ಬರೆದದ್ದನ್ನೇ ಕಳಿಸಿದ್ದರು.

ಹಳಿ ಒಂದೇ ಅಂದರೆ ಅಳತೆ ಒಂದೇ ಅಲ್ಲ

ನಾನು ಬಿದ್ದದ್ದು ಇಲ್ಲಿ. ಹಾಗಾಗಿ ಇದು ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಎಚ್‌ಓ, ಓಓ ಎರಡೂ ಮಾಡೆಲ್ ರೈಲಿನ ಅಳತೆಗಳು. ಎಚ್‌ಓ ಅಂದರೆ 1:87, ಅಂದರೆ ಅಸಲಿಯ 87ರಲ್ಲಿ ಒಂದು ಪಾಲು. ಓಓ ಅಂದರೆ 1:76.2. ಎರಡೂ ಓಡೋದು 16.5 ಮಿ.ಮೀ. ಅಂತರದ ಹಳಿಯ ಮೇಲೆ. ಎಚ್‌ಓದಲ್ಲಿ ಈ ಹಳಿ ಸರಿಯಾದ ಲೆಕ್ಕ. ಯುರೋಪಿನ ಸ್ಟ್ಯಾಂಡರ್ಡ್ ಗೇಜ್ (ಎರಡು ಹಳಿಗಳ ನಡುವಿನ ಅಂತರ) 1435 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 16.5 ಬರುತ್ತೆ. ಓಓದಲ್ಲಿ ಅದೇ ಗೇಜ್ 18.8 ಆಗಬೇಕಿತ್ತು, ಆಗಿಲ್ಲ. ಯಾಕೆ? ಬ್ರಿಟನ್ನಿನ ಎಂಜಿನ್‌ಗಳು ಯುರೋಪಿನವಕ್ಕಿಂತ ಮೈಯಲ್ಲಿ ಚಿಕ್ಕವು. ಅಲ್ಲಿನ ಸುರಂಗ, ಸೇತುವೆ, ಪ್ಲಾಟ್‌ಫಾರ್ಮ್ ಎಲ್ಲ ಇಕ್ಕಟ್ಟು. ಅವನ್ನು 1:87ಕ್ಕೆ ಇಳಿಸಿದರೆ ಆ ಕಾಲದ ಮೋಟಾರ್ ಒಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಮೈಯನ್ನು ಮಾತ್ರ ಹಿಗ್ಗಿಸಿದರು, ಹಳಿ ಇದ್ದದ್ದೇ ಇರಲಿ ಅಂದರು. ಅಂದರೆ ಓಓ ಎಂಜಿನ್ ಒಂಥರಾ ತಮ್ಮನ ಚಪ್ಪಲಿ ಹಾಕಿಕೊಂಡ ಅಣ್ಣ.

76, 87 ಅಂತ ಭಾಗಿಸುತ್ತಾ ಕೂತರೆ ತಲೆ ಕೆಡುತ್ತೆ. ನನಗೆ ಸಿಕ್ಕ ಅಡ್ಡದಾರಿ ಇದು: ಓಓ ಅಂದರೆ ಅಡಿಗೆ 4 ಮಿ.ಮೀ., ಎಚ್‌ಓ ಅಂದರೆ ಅಡಿಗೆ ಮೂರೂವರೆ ಮಿ.ಮೀ. ಅಸಲಿ ಡಬ್ಬಿ ಎಷ್ಟು ಅಡಿ ಅಂತ ಗೊತ್ತಿದ್ದರೆ ಬಾಯಿಲೆಕ್ಕದಲ್ಲೇ ಆಗುತ್ತೆ.

ಈಗ ನಾನು ಮಾಡಿದ ಕೆಲಸ ನೋಡಿ. ನನ್ನ ಎಂಜಿನ್‌ಗೆ ಸರಿಹೋಗೋದು ಬ್ರಿಟನ್ನಿನ ಎಲ್‌ಎನ್‌ಇಆರ್ ಅನ್ನೋ ಹಳೇ ರೈಲ್ವೆ ಕಂಪನಿಯ ತೇಗದ ಡಬ್ಬಿ ಅಂತ ಓದಿದ್ದೆ. ಅದರ ಅಸಲಿ ಉದ್ದ 61 ಅಡಿ 6 ಇಂಚು. ಓಓದಲ್ಲಿ 61.5 ನಾಲ್ಕಲೆ 246 ಮಿ.ಮೀ. ಹೊಸದು ದುಬಾರಿ. ಅಷ್ಟರಲ್ಲಿ ಹಳೇ ಮಾಲು ಮೂರು ಡಬ್ಬಿ ಸಿಕ್ಕವು. ಕಂದುಗೆಂಪು ಬಣ್ಣ, 16.5 ಹಳಿ, ಉದ್ದ 245 ಮಿ.ಮೀ., ಅಗಲ 37. ತೇಗದ ಡಬ್ಬಿಯ ಅಗಲ 9 ಅಡಿ, ಅಂದರೆ 36. ಒಂದು ಮಿಲಿಮೀಟರ್ ಯಾರು ನೋಡುತ್ತಾರೆ ಅಂತ ತಗೊಂಡೆ.

ಹಳಿಯ ಮೇಲೆ ಇಟ್ಟರೆ ಏನೋ ಸರಿಯಿಲ್ಲ. ಮೇಲ್ಛಾವಣಿ ಟೆಂಡರ್‌ಗಿಂತ (ಎಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ತಗ್ಗು. ಕಿಟಕಿಗಳು ಸಣ್ಣ. ಎಂಜಿನ್ ಉಬ್ಬಿದಂತೆ ಕಾಣುತ್ತಿತ್ತು. ಸ್ಕೇಲ್ ಇಟ್ಟು ಮತ್ತೆ ಅಳೆದೆ. 245. ಸರಿಯೇ ಇದೆ!

ನಮ್ಮ ಓಣಿಯಲ್ಲಿ ರೈಲ್ವೆ ವರ್ಕ್‌ಶಾಪ್‌ನಿಂದ ರಿಟೈರ್ ಆದ ಕಾಕಾ ಒಬ್ಬರಿದ್ದಾರೆ. ಸಂಜೆ ಚಹಾಕ್ಕೆ ಬಂದವರು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಅಲ್ಲೋ ತಮ್ಮಾ, ಈ ಎಂಜಿನ್ನಿನ ಡ್ರೈವರ ಈ ಡಬ್ಬ್ಯಾಗ ಹೆಂಗ ಹತ್ತಬೇಕೋ? ಬಾಗಲಕ್ಕ ತಲಿ ಬಡೀತದಲ್ಲ!"

ಅಷ್ಟೇ. ಎರಡು ತಿಂಗಳ ಗೊಂದಲ ಅಲ್ಲಿಗೆ ಬಿಚ್ಚಿಕೊಂಡಿತು.

ನಾನು ತಂದದ್ದು ನಮ್ಮ ದೇಶದ ಐಸಿಎಫ್ (ಚೆನ್ನೈನ ಡಬ್ಬಿ ಕಾರ್ಖಾನೆ) ಡಬ್ಬಿಯ ಎಚ್‌ಓ ಮಾಡೆಲ್. ಐಸಿಎಫ್ ಡಬ್ಬಿಯ ಮೈ 21.337 ಮೀಟರ್, ಸರಿಯಾಗಿ 70 ಅಡಿ. 70 ಮೂರೂವರೆಲೆ 245. ಅಸಲಿನಲ್ಲಿ ನಮ್ಮ ಡಬ್ಬಿ ಬ್ರಿಟನ್ನಿನ ಡಬ್ಬಿಗಿಂತ ಎಂಟೂವರೆ ಅಡಿ ಉದ್ದ. ದೊಡ್ಡದನ್ನು ಜಾಸ್ತಿ ಕುಗ್ಗಿಸಿದರು, ಚಿಕ್ಕದನ್ನು ಕಡಿಮೆ ಕುಗ್ಗಿಸಿದರು, ಎರಡೂ ಒಂದೇ ಉದ್ದಕ್ಕೆ ಬಂದು ನಿಂತವು. ಉದ್ದ ಅಳೆದರೆ ಇದು ಗೊತ್ತೇ ಆಗಲ್ಲ. ಅಗಲ ಅಳೆದರೂ ಆಗಲ್ಲ. ಮನುಷ್ಯ ಮಾತ್ರ ಎರಡೂ ದೇಶದಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರ, ಹಾಗಾಗಿ ಅವನನ್ನೇ ಅಳತೆಗೋಲು ಮಾಡಿಕೊಳ್ಳಬೇಕು.

ಐದೂವರೆ ಅಡಿ ಮನುಷ್ಯ ಓಓದಲ್ಲಿ 22 ಮಿ.ಮೀ., ಎಚ್‌ಓದಲ್ಲಿ 19 ಚಿಲ್ಲರೆ. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಇಬ್ಬರನ್ನು ಕತ್ತರಿಸಿದ್ದೇನೆ. ದೊಡ್ಡವನ ಬೆನ್ನ ಮೇಲೆ "ಓಓ", ಸಣ್ಣವನ ಬೆನ್ನ ಮೇಲೆ "ಎಚ್" ಅಂತ ಪೆನ್ನಿನಲ್ಲಿ ಬರೆದಿದ್ದೇನೆ. ದೊಡ್ಡವನ ಹೊಟ್ಟೆಯ ಮೇಲೆ ಇನ್ನೂ ಅರ್ಧ ಗಣಪತಿ ಇದ್ದಾನೆ. ಡಬ್ಬಿ ಕೈಗೆ ಸಿಕ್ಕ ಕೂಡಲೇ ಬಾಗಿಲಿನ ಹೊಸ್ತಿಲ ಮಟ್ಟಕ್ಕೆ ಕಾಲು ಬರುವ ಹಾಗೆ ಹಿಡಿಯಿರಿ. ತಲೆಯ ಮೇಲೆ ಎರಡು ಮೂರು ಮಿಲಿಮೀಟರ್ ಜಾಗ ಉಳಿದರೆ ಅವನ ಅಳತೆಯ ಡಬ್ಬಿ. ನನ್ನ ಮೂರು ಡಬ್ಬಿಯಲ್ಲಿ ದೊಡ್ಡವನ ತಲೆ ಚೌಕಟ್ಟಿಗೆ ತಾಗುತ್ತಿತ್ತು. ಕೈಗೆ ಸಿಗದೆ ಬರೀ ಫೋಟೋ ಇದ್ದರೆ, ಮಾರುವವರಿಗೆ ಬಾಗಿಲಿನ ಎತ್ತರ ಅಳೆದು ಹೇಳಿ ಅಂತ ಕೇಳಿ. 25ರ ಹತ್ತಿರ ಅಂದರೆ ಓಓ, 22ರ ಹತ್ತಿರ ಅಂದರೆ ಎಚ್‌ಓ. ಉದ್ದ ಮಾತ್ರ ಕೇಳಬೇಡಿ.

ಎಂಜಿನ್ ಮೇಲಿನ ನಂಬರ್ ಡಬ್ಬಿಯ ಬಣ್ಣ ಹೇಳುತ್ತೆ

ಅಳತೆ ಗೆದ್ದ ಮೇಲೆ ಉಳಿದದ್ದು ಕಾಲ. ಇದು ಅಷ್ಟು ಕಷ್ಟ ಅನಿಸಲಿಲ್ಲ. ಫ್ಲೈಯಿಂಗ್ ಸ್ಕಾಟ್ಸ್‌ಮನ್ 1923ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ತಯಾರಾದದ್ದು. 4472 ನಂಬರ್, ತಿಳಿಹಸಿರು ಬಣ್ಣ ಇದ್ದರೆ ಎಲ್‌ಎನ್‌ಇಆರ್ ಕಾಲ, ಹಿಂದೆ ತೇಗದ ಡಬ್ಬಿ. 1928ರ ಮೇ 1ರಂದು ಲಂಡನ್‌ನಿಂದ ಎಡಿನ್‌ಬರೋಗೆ ನಡುವೆ ಎಲ್ಲೂ ನಿಲ್ಲದೆ ಹೋದದ್ದು ಈ ರೂಪದಲ್ಲೇ. 1948ರಲ್ಲಿ ಬ್ರಿಟನ್ನಿನ ರೈಲ್ವೆ ಸರ್ಕಾರದ ಕೈಗೆ ಹೋಯಿತು, ನಂಬರ್ 60103 ಆಯಿತು. ಎಂಜಿನ್ನಿನ ಮುಂಭಾಗದ ಹೊಗೆಪೆಟ್ಟಿಗೆಯ ಎರಡೂ ಪಕ್ಕ ನಿಲ್ಲಿಸಿದ ತಗಡಿನ ಹಲಗೆ ಇದ್ದರೆ ಅದು 1961ರ ಕೊನೆಗೆ ಹಾಕಿದ್ದು, ಅದರ ಹಿಂದೆ ಮರೂನ್ ಬಣ್ಣದ ಮಾರ್ಕ್ 1 ಡಬ್ಬಿ (ಸರ್ಕಾರಿ ರೈಲ್ವೆ ಆದಮೇಲೆ ಬಂದ ಉಕ್ಕಿನ ಡಬ್ಬಿ) ಬೇಕು.

ಬಾಗಿಲಿನ ಮೇಲಿನ ಅಂಕಿಯನ್ನೂ ನೋಡಿ. ಬ್ರಿಟನ್‌ನಲ್ಲಿ ಥರ್ಡ್ ಕ್ಲಾಸಿಗೆ ಸೆಕೆಂಡ್ ಕ್ಲಾಸ್ ಅಂತ ಹೆಸರು ಬದಲಾದದ್ದು 1956ರ ಜೂನ್‌ನಲ್ಲಿ. ತೇಗದ ಥರ್ಡ್ ಕ್ಲಾಸ್ ಡಬ್ಬಿಯಲ್ಲಿ "3" ಇರಬೇಕು. 60103ರ ಹಿಂದಿನ ಮರೂನ್ ಡಬ್ಬಿಯಲ್ಲಿ "3" ಇದ್ದರೆ ಅನುಮಾನ ಪಡಿ.

4472ರ ಹಿಂದೆ ಮಾರ್ಕ್ 1 ಕಟ್ಟಿದರೆ ತಪ್ಪಾ? ಪೂರ್ತಿ ತಪ್ಪಲ್ಲ. 1963ರಲ್ಲಿ ರೈಲ್ವೆಯವರು ಇದನ್ನು ಸೇವೆಯಿಂದ ತೆಗೆದಾಗ ಖಾಸಗಿಯವರೊಬ್ಬರು ಕೊಂಡು, ಮತ್ತೆ 4472 ಮಾಡಿ ಪ್ರವಾಸದ ರೈಲು ಓಡಿಸಿದರು. ಕೈಯಲ್ಲಿ ಮರೂನ್ ಡಬ್ಬಿ ಮಾತ್ರ ಇದ್ದವರು ಧೈರ್ಯವಾಗಿ ಈ ನೆಪ ಹೇಳಬಹುದು.

ತಿರುವು, ಪ್ಲೈವುಡ್

ನನ್ನದು 8×4 ಅಡಿ ಪ್ಲೈವುಡ್. ಅದರಲ್ಲಿ ಕೂರೋ ದೊಡ್ಡ ತಿರುವು 572 ಮಿ.ಮೀ. ರೇಡಿಯಸ್‌ದು. ಡಬ್ಬಿಯ ಉದ್ದದ ಮೂರು ಪಟ್ಟು ರೇಡಿಯಸ್ ಇದ್ದರೆ ಓಟ ಸರಾಗ ಅಂತ ಹವ್ಯಾಸಿಗಳ ಲೆಕ್ಕ. 246ಕ್ಕೆ ಅದು 738, ನನ್ನ ಮೇಜಿನಲ್ಲಿ ಆಗದ ಮಾತು. ನನ್ನ 572 ಅಂದರೆ ಎರಡೂ ಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಇಷ್ಟರಲ್ಲಿ ಡಬ್ಬಿ ಹಳಿ ತಪ್ಪುವುದಿಲ್ಲ, ಆದರೆ ಮೂಲೆ ಹೊರಗೆ ಚಾಚುತ್ತೆ, ಎರಡು ಡಬ್ಬಿ ನಡುವೆ ಬಾಯಿ ತೆರೆಯುತ್ತೆ. ಅದಕ್ಕೆ ಹಿಂದಿನ ತಿರುವಿನ ಮೇಲೆ ಥರ್ಮಾಕೋಲ್ ಗುಡ್ಡ ಕೂರಿಸಿದ್ದೇನೆ. ಮನೆಯಲ್ಲಿ ಅದಕ್ಕೆ ನೃಪತುಂಗ ಬೆಟ್ಟ ಅಂತ ಹೆಸರಿಟ್ಟಿದ್ದಾರೆ. ಸ್ಕಾಟ್ಲೆಂಡಿಗೆ ಹೋಗೋ ರೈಲು ದಿನಾ ಅದರ ಕೆಳಗೇ ಹೋಗುತ್ತೆ.

ಎಷ್ಟು ಡಬ್ಬಿ ಅನ್ನೋದಕ್ಕೆ ನನ್ನ ಲೆಕ್ಕ: ಇಡೀ ರೈಲು ನೇರ ಹಳಿಯೊಳಗೆ ನಿಲ್ಲಬೇಕು. ನೇರ ಹಳಿ 120 ಸೆಂ.ಮೀ. ಟೆಂಡರ್ ಸೇರಿ ಎಂಜಿನ್ 28. ಮೂರು ಡಬ್ಬಿಗೆ 74. ನಾಲ್ಕನೆಯದು ಹಿಡಿಸಲ್ಲ. ಮೂರರಲ್ಲಿ ಒಂದು ಗಾರ್ಡ್ ಇರುವ ಡಬ್ಬಿ ಆಗಲೇಬೇಕು.

ಆ ಮೂರು ಡಬ್ಬಿ ಏನಾದವು?

ಧಾರವಾಡದ ಗೆಳೆಯನ ಬಳಿ ನಮ್ಮ ದೇಶದ ಬ್ರಾಡ್‌ಗೇಜ್ ಉಗಿ ಎಂಜಿನ್ ಡಬ್ಲ್ಯುಪಿಯ ಎಚ್‌ಓ ಮಾಡೆಲ್ ಇದೆ, ಮೂತಿಯಲ್ಲಿ ನಕ್ಷತ್ರ ಇರುವುದು. ಅವನು ನೀಲಿ ಐಸಿಎಫ್ ಹುಡುಕುತ್ತಿದ್ದ. ನೀಲಿ ಬಂದದ್ದು 90ರ ದಶಕದಲ್ಲಿ. ಬ್ರಾಡ್‌ಗೇಜ್‌ನಲ್ಲಿ ಉಗಿ ಎಂಜಿನ್ನಿನ ಮಾಮೂಲಿ ಓಡಾಟ 1995ಕ್ಕೆ ಮುಗಿಯಿತು. ಡಬ್ಲ್ಯುಪಿ ಹಿಂದೆ ಕಂದುಗೆಂಪೇ ಚೆಂದ. ಈಗಿನ ಹೊಸ ಮಾದರಿಯ ಎಲ್‌ಎಚ್‌ಬಿ ಡಬ್ಬಿ ಅಂತೂ ಬೇಡವೇ ಬೇಡ, ಅದು ಬಂದದ್ದು 2000ದ ಸುಮಾರಿಗೆ. ನನ್ನ ಮೂರನ್ನೂ ಕೊಟ್ಟ ಬೆಲೆಗೇ ಅವನಿಗೆ ದಾಟಿಸಿದೆ. ಸಣ್ಣ ಲಗ್ನಪತ್ರಿಕೆ ಮನುಷ್ಯ ಬಾಗಿಲಲ್ಲಿ ಸರಿಯಾಗಿ ನಿಂತ.

ಅವನು ಅದಕ್ಕೆ "ಹುಬ್ಬಳ್ಳಿ ಎಕ್ಸ್‌ಪ್ರೆಸ್" ಅಂತ ಬೋರ್ಡ್ ಬರೆಯುತ್ತಿದ್ದಾಗ ಕಾಕಾ ಮತ್ತೆ ಬಗ್ಗಿ ನೋಡಿದರು.

"ಹುಬ್ಬಳ್ಳ್ಯಾಗ ಆವಾಗ ಮೀಟರ್‌ಗೇಜ್ ಇತ್ತಲ್ಲೋ. ಡಬ್ಲ್ಯುಪಿ ಎಲ್ಲಿಂದ ಬಂತು? ನಮ್ಮದು ವೈಪಿ!"

ಅವರು ಹೇಳಿದ್ದು ನಿಜ, ವೈಪಿ ಅಂದರೆ ಮೀಟರ್‌ಗೇಜ್ ಉಗಿ ಎಂಜಿನ್. ಊರಿಗೆ ಬ್ರಾಡ್‌ಗೇಜ್ ಬಂದದ್ದೇ 90ರ ದಶಕದಲ್ಲಿ. ವೈಪಿಯನ್ನು ಎಚ್‌ಓದಲ್ಲಿ ಓಡಿಸಬೇಕಂದರೆ 12 ಮಿ.ಮೀ. ಹಳಿ ಬೇಕು. ಗೆಳೆಯ ಬೋರ್ಡ್ ಒರೆಸಿ "ಮದ್ರಾಸ್" ಅಂತ ಬರೆದುಕೊಂಡ.