ಖಾಲಿ ಬಿಟ್ಟ ಉತ್ತರ

ಹತ್ತನೇ ತರಗತಿಯ ಗಣಿತ ಪತ್ರಿಕೆ ತಿದ್ದಲು ಕುಳಿತರೆ ನಾನು ಮೊದಲು ಖಾಲಿ ಜಾಗ ಹುಡುಕುತ್ತೇನೆ. ತಪ್ಪು ಬರೆದವರಿಗೆ ಏನು ಬರುವುದಿಲ್ಲ ಎಂದು ಗೊತ್ತಾಗುತ್ತದೆ, ಕಲಿಸಬಹುದು. ಖಾಲಿ ಬಿಟ್ಟವರು ಎಷ್ಟೋ ಸಲ ಪ್ರಶ್ನೆಯನ್ನೇ ಓದಿರುವುದಿಲ್ಲ.

ಬ್ಯಾಡಗಿ ಸುತ್ತ ಜನವರಿಯಿಂದ ಮೆಣಸಿನಕಾಯಿ ಆವಕ ಜೋರು. ಹೆಂಗಸರು ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ನೀರು, ಒಲೆ, ಸಣ್ಣ ಮಕ್ಕಳು ದೊಡ್ಡ ಮಗಳ ಪಾಲಿಗೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯೂ ಅದೇ ಹಂಗಾಮಿನಲ್ಲಿ. ‘ಮನಸ್ಸು ಮಾಡಿದರೆ ಎಲ್ಲ ಆಗುತ್ತೆ’ ಎಂದು ಇಂಥ ಹುಡುಗಿಗೆ ಭಾಷಣ ಬಿಗಿಯಲು ನನಗೆ ಬಾಯಿ ಬರುವುದಿಲ್ಲ. ಅವಳಿಗೆ ಮೊದಲು ಬೇಕಿರುವುದು ದಿನಕ್ಕೊಂದು ತಾಸು.

ತಾಸು ಸಿಕ್ಕರೂ ಇನ್ನೊಂದು ತೊಡಕಿದೆ. ‘ನಮ್ಮ ಮನ್ಯಾಗ ಯಾರಿಗೂ ಲೆಕ್ಕ ತಲಿಗೆ ಹತ್ತಿಲ್ರಿ ಸರ, ಇಕಿಗೆ ಎಲ್ಲಿಂದ ಬರಬೇಕು?’ ತಾಯಿ ಹೀಗೆ ಹೇಳುವುದು ಅಕ್ಕರೆಯಿಂದಲೇ, ಮಗಳಿಗೆ ಬೈಸಬಾರದು ಅಂತ. ಎಷ್ಟು ಕೆಜಿ ಬಿಡಿಸಿದೆ, ಎಷ್ಟು ಕೂಲಿ ಬಾಕಿ ಎಂಬುದನ್ನು ಅದೇ ತಾಯಿ ಬಾಯಲ್ಲೇ ಲೆಕ್ಕ ಹಾಕುತ್ತಾಳೆ! ಅದನ್ನು ಮನೆಯಲ್ಲಿ ಯಾರೂ ಗಣಿತ ಅನ್ನುವುದಿಲ್ಲ.

1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ತಂಡ ಲಕ್ಷಾಂತರ ಮಕ್ಕಳ ಸಮೀಕ್ಷೆಯ ವರದಿ ಕೊಟ್ಟಿತು. ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಗೇ ಅಂಕಗಳ ಜೊತೆ ಹೆಚ್ಚು ನಂಟು ಕಂಡಿತ್ತು. ಜನ ನೆನಪಿಟ್ಟದ್ದು ಅಷ್ಟನ್ನೇ. ಗೆಲ್ಲಲು ದುಡಿಮೆಗಿಂತ ಅದೃಷ್ಟ ಮುಖ್ಯವೇ ಎಂದೂ ಆ ಮಕ್ಕಳನ್ನು ಕೇಳಿದ್ದರು. ನಾವು ಹಣೆಬರಹ ಅಂತೀವಲ್ಲ, ಅದೇ. ಕಪ್ಪು ಮಕ್ಕಳಲ್ಲಿ, ಎಲ್ಲ ತನ್ನ ಕೈಯಲ್ಲಿದೆಯೋ ಹಣೆಬರಹದಲ್ಲಿದೆಯೋ ಎಂಬ ನಂಬಿಕೆಗೂ ಅಂಕಕ್ಕೂ ಇದ್ದ ನಂಟು ಶಾಲೆಯ ಸೌಲಭ್ಯಗಳಿಗಿಂತ ಗಟ್ಟಿಯಾಗಿತ್ತು.

ಆದರೆ ನಂಬಿಕೆಯಿಂದ ಅಂಕ ಬಂತೋ, ಅಂಕ ಬಂದಮೇಲೆ ನಂಬಿಕೆ ಹುಟ್ಟಿತೋ? ಅಂಥ ಸಮೀಕ್ಷೆ ಅದನ್ನು ಹೇಳಲಾರದು. ನನ್ನ ತರಗತಿಯಲ್ಲಿ ಎರಡನೆಯದೇ ಜಾಸ್ತಿ. ಅದಕ್ಕೇ ನಾನು ಧೈರ್ಯ ಹೇಳುವುದು ಬಿಟ್ಟು ಹಂತದ ಅಂಕ ತೋರಿಸುತ್ತೇನೆ. ಸೂತ್ರ ಬರೆ, ಬೆಲೆ ಹಾಕು, ಅಲ್ಲಿಗೇ ನಿಲ್ಲಿಸಿದರೂ ಅಂಕ ಇದೆ. ಓದಿದವರ ಮನೆಯ ಮಕ್ಕಳಿಗೆ ಈ ಗುಟ್ಟು ಮೊದಲೇ ಗೊತ್ತು. ಅವರು ತಪ್ಪಾದರೂ ಏನಾದರೂ ಗೀಚಿರುತ್ತಾರೆ. ಹಿಂದೆ ನಾನೇ ಕೆಲವರಿಗೆ ‘ಇದು ನಿನಗೆ ಕಷ್ಟ, ಬಿಡು’ ಅಂದದ್ದುಂಟು.

ಈ ಸಲದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ‘ಲೆಕ್ಕ ತಲಿಗೆ ಹತ್ತಿಲ್ರಿ’ ಎಂದಿದ್ದ ಆ ತಾಯಿಯ ಮಗಳು ವರ್ಗಸಮೀಕರಣಕ್ಕೆ ಸೂತ್ರ ಬರೆದು, ಬೆಲೆ ಹಾಕಿ, ಚಿಹ್ನೆಯಲ್ಲಿ ತಪ್ಪಿದ್ದಳು. ಎರಡಕ್ಕೆ ಒಂದು ಕೊಟ್ಟೆ. ಮಧ್ಯಾಹ್ನ ಪತ್ರಿಕೆ ಹಿಡಿದು ಬಂದಳು.

‘ಸರ, ಇನ್ನೊಂದು ಎಲ್ಲಿ ಹೋತ್ರಿ?’