ಬಾಯಿಗೆ ಹತ್ತಿದ ಚೊಗರು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಹಿತ್ತಲಿನ ಹಂಡೆಯ ಒಲೆ ಆರುವುದೇ ಇಲ್ಲ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಲು ಹರವಬೇಕು. ಬೇಯಿಸಿದ ನೀರೇ ಚೊಗರು. ಮತ್ತೆ ಮತ್ತೆ ಅದರಲ್ಲೇ ಬೇಯಿಸಿದ ಹಾಗೆ ಕೆಂಪಗೆ, ಮಂದವಾಗುತ್ತಾ ಹೋಗುತ್ತದೆ. ಬಟ್ಟೆಗೆ ಬಿದ್ದರೆ ಯಾವ ಸೋಪಿಗೂ ಹೋಗುವುದಿಲ್ಲ. ಸುಲಿಯುವವರ ಬೆರಳ ಮೇಲಿನ ಕರೆಯಂತೂ ಸುಲಿತ ಮುಗಿದು ಎಷ್ಟೋ ದಿನವಾದರೂ ಇರುತ್ತದೆ.

ಅದೇ ಚೊಗರಿನ ಗುಣ ಬಾಯಿಯ ಒಳಗೆ ಏನು ಮಾಡುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಚಿಕ್ಕಪ್ಪನ ಮಗನಿಂದ. ಕಾಲೇಜಿಗೆ ಹೋಗುವಾಗಿನಿಂದ ಅವನಿಗೆ ಅಡಿಕೆ ಪೊಟ್ಟಣದ ಚಟ. ಮೊದಲು ಖಾರ ತಡೆಯದಾಯಿತು. ಸಾರು ತುಟಿಗೆ ತಾಗಿದರೂ ಉರಿ ಉರಿ. ಊರಿನ ಒಬ್ಬ ಡಾಕ್ಟರು ಉಷ್ಣ ಅಂದು ವಿಟಮಿನ್ ಮಾತ್ರೆ ಕೊಟ್ಟರು. ಎರಡು ವರ್ಷ ಹಾಗೇ ಕಳೆಯಿತು. ಒಂದು ಮದುವೆ ಊಟದಲ್ಲಿ ಅವನು ಲಾಡು ಪುಡಿ ಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಯಾಕೋ ಅಂದರೆ, "ಬಾಯಿ ಬಿಡಕ್ಕೆ ಆಗಲ್ಲ ಅಣ್ಣ" ಅಂದ. ತೋರುಬೆರಳು, ನಡುಬೆರಳು, ಉಂಗುರಬೆರಳು, ಈ ಮೂರನ್ನು ಜೋಡಿಸಿ ಹಿಡಿದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ನಿಲ್ಲಬೇಕು. ಅವನಿಗೆ ಒಂದೂವರೆ ಬೆರಳೂ ಹೋಗುತ್ತಿರಲಿಲ್ಲ.

ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಶಿವಮೊಗ್ಗದ ಮೆಗ್ಗಾನ್, ಅದು ಬಿಟ್ಟರೆ ಮಣಿಪಾಲ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1953ರಲ್ಲಿ, ದಂತ ಕಾಲೇಜು 1965ರಲ್ಲಿ. ಈಗ ಎರಡೂ ಒಂದೇ ವಿಶ್ವವಿದ್ಯಾಲಯದ ಒಳಗಿವೆ, ಪಕ್ಕದಲ್ಲೇ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಬಾಯಿಯ ಕಾಯಿಲೆಗೆ ಹಲ್ಲಿನ ಡಾಕ್ಟರು, ಸರ್ಜನ್, ರೇಡಿಯೇಷನ್ ಕೊಡುವವರು, ಮಾತು ಮತ್ತು ನುಂಗುವುದನ್ನು ಕಲಿಸುವವರು ಎಲ್ಲರೂ ಬೇಕು. ಅವರೆಲ್ಲ ಕೂತು ಒಂದೇ ಫೈಲು ನೋಡುವಂತಿದ್ದರೆ ರೋಗಿಯ ಅಲೆದಾಟ ಎಷ್ಟೋ ತಪ್ಪುತ್ತದೆ.

ಅವನಿಗೆ ಆಗಿದ್ದ ಕಾಯಿಲೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ನಮ್ಮ ಕೆನ್ನೆಯ ಒಳಪದರದ ಕೆಳಗೆ ಕೊಲಾಜನ್ ಎಂಬ ನಾರು ಇದೆ. ಹಳೆಯ ನಾರನ್ನು ಕರಗಿಸಿ ಹೊಸದನ್ನು ನೇಯುವ ಕೆಲಸ ದೇಹದಲ್ಲಿ ಸದಾ ನಡೆಯುತ್ತಿರುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಈ ನೇಯುವ ಜೀವಕೋಶಗಳನ್ನು ಕೆಣಕುತ್ತದೆ, ನಾರು ಜಾಸ್ತಿಯಾಗುತ್ತದೆ. ಚೊಗರಿನ ಒಗರಿಗೆ ಕಾರಣವಾದ ಟ್ಯಾನಿನ್ ಆ ನಾರಿಗೆ ಅಂಟಿಕೊಂಡು ಅದು ಕರಗದಂತೆ ತಡೆಯುತ್ತದೆ. ತಂಗಡಿ ತೊಗಟೆಯ ರಸದಲ್ಲಿ ಚರ್ಮ ನೆನೆಸಿ ಹದ ಮಾಡುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ. ಟ್ಯಾನಿನ್ ಹಿಡಿದ ಚರ್ಮ ಕೊಳೆಯುವುದಿಲ್ಲ. ಸಾಲದ್ದಕ್ಕೆ ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ. ನಾರಿಗೆ ನಾರನ್ನು ಹೊಲಿಯುವ ಒಂದು ಕಿಣ್ವಕ್ಕೆ ತಾಮ್ರ ಬೇಕೇ ಬೇಕು. ಹೀಗೆ ವರ್ಷಗಟ್ಟಲೆ ನಡೆದಾಗ ಮೆತ್ತಗಿದ್ದ ಕೆನ್ನೆ ಒಳಗಿನಿಂದ ಹಗ್ಗ ಬಿಗಿದಂತಾಗುತ್ತದೆ. ಅವನ ಕೆನ್ನೆಯ ಒಳಗೆ ಬೆರಳಿಟ್ಟು ನೋಡಿದೆ. ನಿಜಕ್ಕೂ ಹಗ್ಗದ ಎಳೆಗಳೇ ಕೈಗೆ ಸಿಗುತ್ತಿದ್ದವು.

ಇದು ಇನ್ನೂ ಕ್ಯಾನ್ಸರ್ ಅಲ್ಲ. ಆದರೆ ಆ ದಾರಿಯಲ್ಲಿದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಜನರನ್ನು 17 ವರ್ಷ ಗಮನಿಸಿದಾಗ 5 ಮಂದಿಗೆ ಬಾಯಿ ಕ್ಯಾನ್ಸರ್ ಬಂತು.

ಕ್ಯಾನ್ಸರ್ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಅವನ ಕೆನ್ನೆಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದರು. ಅದನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ನಾಲ್ಕೈದು ಮೈಕ್ರಾನ್ ದಪ್ಪದ ಹಾಳೆಗಳಾಗಿ ಕೊಯ್ಯುತ್ತಾರೆ. ಕೂದಲೆಳೆಯ ಹತ್ತರಲ್ಲೊಂದು ಪಾಲೂ ದಪ್ಪ ಇರುವುದಿಲ್ಲ. ಹಾಗೇ ನೋಡಿದರೆ ಏನೂ ಕಾಣದು, ಬಣ್ಣ ಹಾಕಬೇಕು. ಆ ಬಣ್ಣಗಳಲ್ಲಿ ಒಂದಾದ ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುತ್ತದೆ. ಕಾಯಿಲೆ ತಂದ ಚೊಗರೂ ಮರದ್ದೇ, ಅದನ್ನು ತೋರಿಸಿಕೊಡುವ ಬಣ್ಣವೂ ಮರದ್ದೇ! ಬಣ್ಣ ಹಿಡಿದ ಮೇಲೆ ಜೀವಕೋಶದ ನಡುಭಾಗ ನೀಲಿ, ನಾರೆಲ್ಲ ಗುಲಾಬಿ. ನೀಲಿ ಕೋಶಗಳು ತಮ್ಮ ಗಡಿಯ ಮೇಲೆ ಸಾಲಾಗಿ ನಿಂತಿದ್ದರೆ ಸರಿ. ಗಡಿ ಒಡೆದು ಕೆಳಗಿನ ನಾರಿಗೆ ನುಗ್ಗಿದ್ದರೆ ಅದು ಕ್ಯಾನ್ಸರ್. ಅವನ ಗಡಿ ಒಡೆದಿರಲಿಲ್ಲ. ರಿಪೋರ್ಟ್ ಬರುವವರೆಗೆ ನಮ್ಮ ಚಿಕ್ಕಮ್ಮ ಸರಿಯಾಗಿ ಊಟ ಮಾಡಿರಲಿಲ್ಲ.

ಅಲ್ಲಿ ಕಾಯುವಾಗ ಪರಿಚಯವಾದ ಹೊಸನಗರ ಕಡೆಯ ಅಜ್ಜ ಒಬ್ಬರಿಗೆ ಗಡಿ ಒಡೆದಿತ್ತು. ನಾಲಿಗೆಯ ಪಕ್ಕದ ಹುಣ್ಣು. ಆಪರೇಷನ್ ಆಗಿ ರೇಡಿಯೇಷನ್ ನಡೆಯಬೇಕಿತ್ತು. "ನಾಲಿಗೆಗೆ ಬಂದರೆ ಹಲ್ಲು ಕೀಳಕ್ಕೆ ಕಳಿಸ್ತಾರಲ್ಲ ಮಾರಾಯ್ರೆ" ಎಂದು ಅವರಿಗೆ ಬೇಸರ. ಕಾರಣ ಇದೆ. ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಓಡಾಟ ಕಮ್ಮಿಯಾಗುತ್ತದೆ. ಆಮೇಲೆ ಹುಳುಕು ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಅದಕ್ಕೇ ಕೀಳಬೇಕಾದ್ದನ್ನು ಮೊದಲೇ ಕೀಳುತ್ತಾರೆ.

ಅವರ ಇನ್ನೊಂದು ಪ್ರಶ್ನೆ ಇನ್ನೂ ಚೆನ್ನಾಗಿತ್ತು. ಕೊಯ್ಲಿನ ಹೊತ್ತಿನಲ್ಲಿ ಆರೇಳು ವಾರ ಯಾಕೆ, ಎಲ್ಲ ಒಂದೇ ದಿನ ಕೊಡಬಾರದಾ? ಮೈಗೆ ಹಿಡಿದ ಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎನ್ನುತ್ತಾರೆ. ಇಂಥ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ, ಒಟ್ಟು 60ರಿಂದ 70 ಗ್ರೇ ಕೊಡುತ್ತಾರೆ. ಕಿರಣ ಜೀವಕೋಶದ ಡಿಎನ್‌ಎ ಎಳೆಯನ್ನು ಕಡಿಯುತ್ತದೆ. ಒಳ್ಳೆಯ ಕೋಶವೂ ಪೆಟ್ಟು ತಿನ್ನುತ್ತದೆ, ಕೆಟ್ಟದ್ದೂ ತಿನ್ನುತ್ತದೆ. ಆದರೆ ರಾತ್ರಿ ಬೆಳಗಾಗುವಷ್ಟರಲ್ಲಿ ಒಳ್ಳೆಯ ಕೋಶ ತನ್ನ ಎಳೆಯನ್ನು ಬಹುಪಾಲು ಹೊಲಿದುಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ರಿಪೇರಿ ಅಷ್ಟು ಚೆನ್ನಾಗಿ ಬರದು. ದಿನದಿನದ ಈ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಕ್ಲೋಡ್ ರೆಗೋ ಇದನ್ನು ಟಗರುಗಳ ಬೀಜದ ಮೇಲೆ ಪರೀಕ್ಷಿಸಿದ್ದರು. ಬೀಜದ ಕೋಶಗಳೂ ಕ್ಯಾನ್ಸರ್‌ನಂತೆ ಬಿಡದೆ ಒಡೆದು ಹೆಚ್ಚುತ್ತಿರುತ್ತವೆ, ಅದಕ್ಕೇ ಅವನ್ನು ಕ್ಯಾನ್ಸರ್ ಗೆಡ್ಡೆಯ ಜಾಗದಲ್ಲಿ ಇಟ್ಟು ನೋಡಿದ್ದು. ಒಂದೇ ಸಲ ಕೊಟ್ಟರೆ ಚರ್ಮ ಸುಟ್ಟುಹೋಗುತ್ತಿತ್ತು, ಟಗರು ಮಾತ್ರ ಬರಡಾಗುತ್ತಿರಲಿಲ್ಲ. ಬಿಡಿಬಿಡಿಯಾಗಿ ಕೊಟ್ಟಾಗ ಟಗರು ಬರಡಾಯಿತು, ಚರ್ಮ ಉಳಿಯಿತು. ಅಜ್ಜನಿಗೆ ನಾನು ಟಗರಿನ ಕತೆ ಹೇಳಲಿಲ್ಲ. ದಿನ ತಪ್ಪಿಸಬೇಡಿ, ತಪ್ಪಿಸಿದರೆ ಕೆಟ್ಟ ಕೋಶಕ್ಕೂ ಬೆಳೆಯಲು ಬಿಡುವು ಸಿಗುತ್ತದೆ ಅಂದೆ.

ಅಡಿಕೆ ಉಂಡು ಬೆಳೆದ ಮನೆಯವನಾಗಿ ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ನನ್ನ ಓದಿಗೆ ದುಡ್ಡು ಬಂದಿದ್ದು ಇದೇ ಹಂಡೆಯಿಂದ. ಆದರೂ ಗೊತ್ತಿದ್ದನ್ನು ಮುಚ್ಚಿಡಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ತಂಬಾಕು ಸೇರಿಸದೆ ಇದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೊದಲ ಗುಂಪು ಅಂದರೆ ಪುರಾವೆ ಗಟ್ಟಿಯಾಗಿದೆ ಎಂದರ್ಥ. ಆ ಗುಂಪಿನ ಎಲ್ಲವೂ ಒಂದೇ ಸಮ ಅಪಾಯ ಎಂದಲ್ಲ. ಎಷ್ಟು, ಎಷ್ಟು ಹೊತ್ತು ಬಾಯಲ್ಲಿರುತ್ತದೆ ಅನ್ನುವುದು ದೊಡ್ಡ ವಿಷಯ. ಊಟವಾದ ಮೇಲೆ ಒಂದು ಕವಳ ಹಾಕುವ ಅಜ್ಜಿಯೂ, ಬೆಳಗಿನಿಂದ ರಾತ್ರಿವರೆಗೆ ಒಣ ಪುಡಿಯನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಹುಡುಗನೂ ಒಂದೇ ಅಲ್ಲ. ತಂಬಾಕು ಸೇರಿದರಂತೂ ಅಪಾಯ ಇನ್ನೂ ಜಾಸ್ತಿ.

ಬಿಗಿದ ನಾರನ್ನು ಪೂರ್ತಿ ಕರಗಿಸುವ ಔಷಧಿ ಇಲ್ಲ. ಕೆನ್ನೆಗೆ ಕೆಲವು ಇಂಜೆಕ್ಷನ್ ಕೊಟ್ಟು, ಚಟ ಬಿಡಿಸಿ, ಡಾಕ್ಟರು ಅವನ ಕೈಗೆ ಐಸ್‌ಕ್ರೀಮ್ ಕಡ್ಡಿಗಳ ಒಂದು ಕಟ್ಟು ಕೊಟ್ಟರು. ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಬೇಕು, ದಿನಕ್ಕೆ ನಾಲ್ಕೈದು ಸಲ. ಹಿಡಿಸಿದಷ್ಟು ಬಾಯಿ ತೆರೆದಂತೆ. ಮೂರು ತಿಂಗಳಿಗೊಮ್ಮೆ ತೋರಿಸಲು ಘಾಟಿ ಇಳಿಯಬೇಕು. ಶುರುವಿನಲ್ಲಿ ಹನ್ನೆರಡು ಕಡ್ಡಿ ಹಿಡಿಸುತ್ತಿತ್ತು. ಮೊನ್ನೆ ಸುಲಿತದ ನಡುವೆ ಫೋನ್ ಮಾಡಿದ್ದ. "ಅಣ್ಣ, ಹದಿನೇಳು" ಅಂದ. ಹಿಂದೆ ಚಿಕ್ಕಮ್ಮ ಯಾರಿಗೋ ಕಡುಬು ಬಡಿಸುವ ಸದ್ದು ಕೇಳುತ್ತಿತ್ತು.