ಬಳ್ಳಾರಿ ಪೇಟೆಯಲ್ಲಿ ರಾತ್ರಿ ಮಲಗುವವರು

ಬಳ್ಳಾರಿಯ ನಡುಪೇಟೆಯ ಬಡವರು ನಿನ್ನೆ ಮೊನ್ನೆ ಬಂದು ಕೂತವರಲ್ಲ. 1800ರಲ್ಲಿ ಈ ಸೀಮೆ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಊರಲ್ಲಿ ದಂಡು ಬೀಡುಬಿಟ್ಟಿತು. ದಂಡಿಗೆ ಬಟ್ಟೆ ಒಗೆಯುವವರು, ಹೊಲಿಯುವವರು, ಹುಲ್ಲು ಹೊರುವವರು ಬೇಕಲ್ವಾ? ಕೌಲ್ ಬಜಾರ್‌ನಂಥ ಪೇಟೆ ಬೆಳೆದಿದ್ದು ಹಾಗೆ. 1876ರಲ್ಲಿ ಶುರುವಾದ ಧಾತು ಸಂವತ್ಸರದ ಬರ ಮದ್ರಾಸ್ ಪ್ರಾಂತ್ಯದಲ್ಲಿ ತೀರಾ ಜಾಸ್ತಿ ಹಿಂಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮಳೆ ಕೈಕೊಟ್ಟಾಗ ಪೇಟೆ ಕಡೆ ನಡೆಯುವುದು ಈ ಭಾಗದ ಹಳೇ ರೂಢಿ. ಹಮಾಲಿ, ಗಾರೆ ಕೆಲಸ, ಆಮೇಲೆ ಜೀನ್ಸ್ ಹೊಲಿಗೆ, ಎಲ್ಲವೂ ಇಲ್ಲೇ ಸಿಗುತ್ತಿತ್ತು.

2003ರ ನಂತರ ಚೀನಾದ ಬೇಡಿಕೆಯಿಂದ ಇಲ್ಲಿನ ಕಬ್ಬಿಣದ ಅದಿರಿನ ರೇಟು ಏರಿತು. ಆ ದುಡ್ಡು ಬಂಗಲೆ, ಹೋಟೆಲು, ಸೈಟುಗಳಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ, ಲೋಡಿಂಗ್ ನಂಬಿದವರ ಕೂಲಿ ಹೋಯಿತು.

ಇನ್ನು ಕಾನೂನು. 1973ರ ಕೊಳೆಗೇರಿ ಕಾಯ್ದೆಯಡಿ ಸರ್ಕಾರ ‘ಘೋಷಿಸಿದ’ ಕೇರಿಯವರಿಗೆ ಒಂದಿಷ್ಟು ಭದ್ರತೆ ಇದೆ. ಘೋಷಣೆಯಾಗದ ಕೇರಿಯವರಿಗೆ ಅದೂ ಇಲ್ಲ. ಗೋಡೆಯೇ ಇಲ್ಲದೆ ಫುಟ್‌ಪಾತಿನಲ್ಲಿ ಮಲಗುವವನು ಈ ಲೆಕ್ಕಕ್ಕೇ ಬರುವುದಿಲ್ಲ. ಅವನಿಗೆಂದು ಇರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಬೇಡುವುದೇ ಅಪರಾಧ, ವಾರಂಟ್ ಇಲ್ಲದೆ ಹಿಡಿಯಬಹುದು. ಹಿಡಿದವರನ್ನು ಇಡುವ ಪರಿಹಾರ ಕೇಂದ್ರಗಳ ಖರ್ಚಿಗೆಂದೇ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಸೆಸ್ ಕಟ್ಟುತ್ತೇವೆ. ತೆರಿಗೆ ರಸೀದಿ ನೋಡಿ, ಇರುತ್ತೆ.

ಮುಂಬೈ ಫುಟ್‌ಪಾತ್ ವಾಸಿಗಳ 1985ರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಹೊಟ್ಟೆಪಾಡೂ ಬದುಕುವ ಹಕ್ಕಿನ ಭಾಗವೇ ಎಂದಿತು. ಜನ ಇಷ್ಟನ್ನೇ ನೆನಪಿಟ್ಟಿದ್ದಾರೆ. ನೋಟಿಸ್ ಕೊಟ್ಟು ಎಬ್ಬಿಸಬಹುದು ಎಂದೂ ಅದೇ ತೀರ್ಪು ಹೇಳಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಬಿಗಿ: ಸರ್ವೆ ಮುಗಿದು ಸರ್ಟಿಫಿಕೇಟ್ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆದರೆ ಇದು ಗಾಡಿ ಇಟ್ಟವರಿಗೆ, ಬರಿಗೈಲಿ ಮಲಗಿದವರಿಗಲ್ಲ.

ಅವರಿಗೆ ಸಿಕ್ಕ ನೇರ ಭರವಸೆ ಅಂದ್ರೆ ಆಸರೆ ಮನೆ, ಸೂರಿಲ್ಲದವರು ರಾತ್ರಿ ತಂಗುವ ಜಾಗ. 2013ರ ನಗರ ಜೀವನೋಪಾಯ ಯೋಜನೆ ಪ್ರಕಾರ ಲಕ್ಷ ಜನಸಂಖ್ಯೆಗೆ ನೂರು ಮಂದಿ ಮಲಗುವಷ್ಟು ಜಾಗ ಬೇಕಿತ್ತು. 2011ರಲ್ಲೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಅಂದರೆ ಕಡಿಮೆಯೆಂದರೂ 400 ಜನರಿಗೆ.

ಎಷ್ಟು ಜನರಿಗೆ ಅನ್ನುವುದಕ್ಕಿಂತ ಎಲ್ಲಿ ಅನ್ನುವುದೇ ನನ್ನ ಮಟ್ಟಿಗೆ ದೊಡ್ಡ ತಕರಾರು. ಆಸರೆ ಮನೆ ರೈಲ್ವೆ ಸ್ಟೇಷನ್, ಬಸ್‌ಸ್ಟ್ಯಾಂಡ್, ಮಾರ್ಕೆಟ್ ಪಕ್ಕವೇ ಇರಬೇಕು ಎಂದು ಆ ಯೋಜನೆಯೇ ಹೇಳಿತ್ತು. ನಸುಕಿನಲ್ಲಿ ಕೂಲಿ ಸಿಗುವುದು ಅಲ್ಲೇ. ಸೈಟಿನ ರೇಟು ಮುಟ್ಟಲಾಗದಷ್ಟು ಏರಿರುವುದೂ ಅಲ್ಲೇ. ಹಾಗಾಗಿ ಬಡವರಿಗೆ ಜಾಗ ಹುಡುಕುವಾಗ ನಕ್ಷೆಯ ಮೇಲೆ ಬೆರಳು ಸುಮ್ನೆ ಊರಾಚೆ ಹೋಗುತ್ತದೆ. ಅಲ್ಲಿಂದ ನಿತ್ಯ ಪೇಟೆಗೆ ಬರಬೇಕಾದ ಹಮಾಲಿಗೆ ಆಟೋ ಚಾರ್ಜು ಕೂಲಿಯಲ್ಲೇ ಮುರಿದುಹೋಗುತ್ತೆ. ಒಂದು ವಾರ ನೋಡುತ್ತಾನೆ, ಆಮೇಲೆ ಮತ್ತೆ ಸ್ಟೇಷನ್ ರೋಡಿನ ಫುಟ್‌ಪಾತಿಗೇ ಬರುತ್ತಾನೆ.